ಪ್ರಥಮ ಸೈನಿಕ ವಿಮಾನದ ಚಕ್ರಗಳು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸೈನ್ಯವು ರೈಟ್ ಸಹೋದರರಿಂದ ೧೯೦೯ನೆಯ ಇಸವಿ ಆಗಸ್ಟ್ ೨ರಂದು ಅಂಗೀಕರಿಸಿದ ವಿಮಾನವು ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿ ಸುರಕ್ಷಿತವಾಗಿದೆ. ಅದರ ಅಡಿಯಲ್ಲಿ ಚಕ್ರಗಳಿಲ್ಲ. ನೀಳವಾದ ಎರಡು ಮರದ ಜಾರುಪಟ್ಟಿಗಳು ಮಾತ್ರ ಕಾಣುತ್ತವೆ. ಈ ವಸ್ತುವೊಂದನ್ನೇ ಪ್ರಮಾಣವಾಗಿ ಹಿಡಿದು, ವಿಮಾನವು ತನ್ನ ಸೇವಾಕಾಲವನ್ನೆಲ್ಲ ಹೀಗೆಯೇ ಕಳೆಯಿತೆಂದು ನಿರ್ಣಯಿಸಿದರೆ ಅದು ಪ್ರಮಾದವಾಗುವುದು.

ಮೂಲರಚನೆಯಲ್ಲಿ ವಿಮಾನವು ಸ್ವತಂತ್ರವಾಗಿ ನೆಲದ ಮೇಲೆ ಓಡಿ ಮೇಲೇರುತ್ತಿರಲಿಲ್ಲ. ಗಾಳಿಗೆ ಎದುರಾಗಿ ಒಂಟಿ ಕಂಬಿಯನ್ನು ಹಾಸಿ, ಅದರ ಹಿಂದೆ ಗೋಪುರವನ್ನು ನಿಲ್ಲಿಸಿ, ಅದರ ತುದಿಯಿಂದ ಭಾರವನ್ನು ಬೀಳಬಿಡುತ್ತಿದ್ದರು. ಭಾರಕ್ಕೆ ಬಿಗಿದ ಹಗ್ಗವು ವಿಮಾನವನ್ನು ಮುಂದಕ್ಕೆ ಸೆಳೆಯುತ್ತಿತ್ತು. ಗಾಳಿಯ ದಿಕ್ಕು ಬದಲಾದರೆ ಕಂಬಿಯನ್ನೂ ತಿರುಗಿಸಬೇಕು. ಎಲ್ಲಿ ಬೇಕಾದರೂ ಇಳಿದು ಏಳಬೇಕಾದ ಸೈನಿಕವಾಹನಕ್ಕೆ ಇದು ಸಾಮಾನ್ಯವಾದ ಬಂಧನವಲ್ಲ.

ಈ ಬಂಧನದ ಕಷ್ಟವನ್ನು ಅನುಭವಿಸಿದವನು ಲೆಫ್ಟೆನೆಂಟ್ ಬೆಂಜಮಿನ್ ಫುಲಾಯ್. ಅವನ ಶಿಕ್ಷಣವು ಪೂರ್ಣವಾಗುವ ಮೊದಲೇ ಸೈನ್ಯವು ಅವನನ್ನು ವಿಮಾನದೊಡನೆ ಟೆಕ್ಸಸ್ ಪ್ರಾಂತಕ್ಕೆ ಕಳುಹಿಸಿತು. ಉಳಿದ ವಿದ್ಯೆಯನ್ನು ಅವನು ರೈಟ್ ಸಹೋದರರೊಡನೆ ಪತ್ರವ್ಯವಹಾರದಿಂದ ಕಲಿತನು. ೧೯೧೦ನೆಯ ಇಸವಿ ಮಾರ್ಚ್ ೨ರಂದು ಸ್ಯಾನ್ ಆಂಟೋನಿಯೋ ನಗರದ ಫೋರ್ಟ್ ಸ್ಯಾಮ್ ಹ್ಯೂಸ್ಟನ್ನಿನಲ್ಲಿ ಮೊದಲ ಬಾರಿಗೆ ಒಬ್ಬನೇ ಹಾರಿದನು. ಆ ದಿನದ ನಾಲ್ಕನೆಯ ಹಾರಾಟವು ಅಪಘಾತದಲ್ಲಿ ಮುಗಿಯಿತು. ದುರಸ್ತಿಗೆ ಸರ್ಕಾರವು ಕೊಟ್ಟ ಹಣವು ೧೫೦ ಡಾಲರು ಮಾತ್ರ. ಕೊರತೆಯನ್ನು ಅವನು ಸ್ವಂತ ಹಣದಿಂದ ತುಂಬಿದನು. ಅದೇ ವರ್ಷದ ಆಗಸ್ಟಿನಲ್ಲಿ ಯಂತ್ರಕರ್ಮಿಯಾದ ಆಲಿವರ್ ಸಿಮನ್ಸನೂ ಕಾರ್ಪೊರಲ್ ಮೆಡೋಲನೂ ಸೇರಿ ವಿಮಾನಕ್ಕೆ ಮೂರು ಚಕ್ರಗಳನ್ನು ಜೋಡಿಸಿದರು. ಅಂದಿನಿಂದ ಕಂಬಿ ಗೋಪುರಗಳ ಹಂಗು ತಪ್ಪಿತು.

ಇದನ್ನು ನೂತನ ಶೋಧವೆಂದು ಹೊಗಳಲಾಗದು. ಫ್ರಾನ್ಸಿನ ವ್ವಾಜಾಂ, ಅಮೆರಿಕಾದ ಕರ್ಟಿಸ್ ಮೊದಲಾದವರ ವಿಮಾನಗಳು ಅದಕ್ಕೆ ಮುಂಚೆಯೇ ಚಕ್ರಗಳ ಮೇಲೆ ಓಡುತ್ತಿದ್ದವು. ರೈಟ್ ಸಹೋದರರೂ ೧೯೧೦ರ ತಮ್ಮ ಹೊಸ ಮಾದರಿಗೆ ಚಕ್ರಗಳನ್ನು ಇಟ್ಟರು. ಸಿಮನ್ಸ್ ಮೆಡೋಲರ ಕಾರ್ಯದ ಮಹತ್ವವು ಬೇರೆ ಬಗೆಯದು: ನಿರ್ಮಾಪಕರು ಒಪ್ಪಿಸಿದ ಯಂತ್ರವನ್ನು ಬಳಸುವವರೇ ನಿಂತ ಸ್ಥಳದಲ್ಲಿ ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಂಡರು.

೧೯೧೧ರಲ್ಲಿ ವಿಮಾನವನ್ನು ಸೇವೆಯಿಂದ ಬಿಡಿಸಿ, ಮೂಲರೂಪಕ್ಕೆ ತಂದು, ಅಕ್ಟೋಬರಿನಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಗೆ ಒಪ್ಪಿಸಿದರು. ರೈಟ್ ಸಹೋದರರ ಕೃತಿಯು ಇದರಿಂದ ಉಳಿಯಿತು. ಸೈನಿಕರ ತಿದ್ದುಪಡಿಯು ಕಣ್ಮರೆಯಾಯಿತು. ಓಲೆಯ ಪ್ರತಿಯನ್ನು ಶುದ್ಧಗೊಳಿಸುವ ಭರದಲ್ಲಿ ಅದನ್ನು ಓದಿದವರ ಅಂಚಿನ ಬರಹವನ್ನು ಅಳಿಸಿದರೆ ಆಗುವ ನಷ್ಟವೇ ಇಲ್ಲಿಯೂ ಆಗಿದೆ. ಆದಕಾರಣ ಚರಿತ್ರಕಾರನು ವಸ್ತುವನ್ನು ನೋಡಿದಷ್ಟಕ್ಕೆ ತೃಪ್ತನಾಗದೆ, ಅದರ ಸೇವಾಕಾಲದ ಲೇಖಗಳನ್ನೂ ಅದರ ಪಕ್ಕದಲ್ಲಿಟ್ಟು ಓದುವುದು ಅವಶ್ಯಕವಾಗಿದೆ.