ಹುಲ್ಲುಗಾವಲಿನ ಹಸಿರು ಕಣ್ಣು

ಹಗಲೆಲ್ಲ ಬಿಲದಲ್ಲಡಗಿ ರಾತ್ರಿ ಹೊರಬರುವ ಪ್ರಾಣಿಯನ್ನು ಕಾಣುವುದು ಹೇಗೆ? ಉತ್ತರ ಅಮೆರಿಕದ ಪ್ರೇರಿ ಹುಲ್ಲುಗಾವಲಿನ ಕಪ್ಪುಪಾದದ ಫೆರೆಟ್ ಅಂಥದ್ದು. ಅದರ ಆಹಾರ ಪ್ರೇರಿ ನಾಯಿ. ಹೆಸರಿಗೆ ನಾಯಿಯಾದರೂ ಅದು ಅಳಿಲಿನ ಬಳಗದ್ದು. ಜಾನುವಾರುಗಳ ಹುಲ್ಲು ಉಳಿಸಲೆಂದು ಪ್ರೇರಿ ನಾಯಿಗಳಿಗೆ ವಿಷವಿಟ್ಟಾಗ ಫೆರೆಟ್ಟೂ ಕಣ್ಮರೆಯಾಯಿತು. 1979ರಲ್ಲಿ ಸೆರೆಯಲ್ಲಿದ್ದ ಕೊನೆಯದೂ ಸತ್ತಾಗ ಸಂತತಿಯೇ ಅಳಿಯಿತೆಂದು ಭಾವಿಸಲಾಯಿತು.

1981ರ ಸೆಪ್ಟೆಂಬರಿನಲ್ಲಿ ವಯೋಮಿಂಗ್ ರಾಜ್ಯದ ಮೀಟೀಟ್ಸೆ ಬಳಿ ಸಾಕುನಾಯಿಯೊಂದು ಫೆರೆಟ್ಟನ್ನು ಕೊಂದು ಮನೆಗೆ ತಂದಿತು! ಜೀವವಿಜ್ಞಾನಿಗಳು ಇರುಳೆಲ್ಲ ಬಯಲಿಗೆ ದೀಪ ಹಾಯಿಸುತ್ತ ಹುಡುಕಿದರು. ಫೆರೆಟ್ಟಿನ ಕಣ್ಣಿನ ಹಿಂಭಾಗದ ಪದರ ಬೆಳಕನ್ನು ಹಿಂದಿರುಗಿಸುವುದರಿಂದ ಅದು ಪಚ್ಚೆಯಂತೆ ಹೊಳೆಯುತ್ತದೆ. ಚಳಿಗಾಲದಲ್ಲಿ ಹಿಮದ ಮೇಲಿನ ಹೆಜ್ಜೆಗಳು ದಾರಿ ತೋರಿದವು.

1984ರಲ್ಲಿ 129 ಫೆರೆಟ್‌ಗಳು ಸಿಕ್ಕವು; ಮರುವರ್ಷ 58 ಮಾತ್ರ. ರೋಗ ಹರಡಿತ್ತು. ಎಣಿಸದಿದ್ದರೆ ಅದು ತಿಳಿಯುತ್ತಲೇ ಇರಲಿಲ್ಲ. 1987ರ ಹೊತ್ತಿಗೆ ಉಳಿದ 18ನ್ನೂ ಹಿಡಿದು ಸಾಕಿದರು. 1991ರಲ್ಲಿ ಅವುಗಳ ಸಂತತಿ ಮತ್ತೆ ಹುಲ್ಲುಗಾವಲು ಸೇರಿತು.

ಕ್ಯಾಮೆರಾದವರಾದ ನಮಗೆ ಒಂದು ಒಳ್ಳೆಯ ಚಿತ್ರ ಸಿಕ್ಕರೆ ಸಾಕೆನಿಸುತ್ತದೆ. ನೀವು ಹೊರಟಾಗ ಹಾಗೆ ಮಾಡಬೇಡಿ. ಚಿತ್ರದೊಂದಿಗೆ ದಿನಾಂಕ, ಸ್ಥಳ, ಸಂಖ್ಯೆಯನ್ನೂ ಬರೆದಿಡಿ. ಮರುವರ್ಷ ಮತ್ತೆ ಅಲ್ಲಿಗೇ ಹೋಗಿ ಎಣಿಸಿ.