ಒಂದು ರೂಪಾಯಿ ಟಿಕೆಟ್ಟೂ ಪಕ್ಕದ ಸೀಟಿನವನೂ

ಅಗ್ಗದ ವಿಮಾನದಲ್ಲಿ ಜಾಣತನದಿಂದ ಓಡಾಡೋದು ಹೇಗೆ, ಲಗೇಜಿಗೆ ದುಡ್ಡು ಕಟ್ಟದೆ ಪಾರಾಗೋದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಲೆ ಕೊರೆಯುತ್ತಿದ್ದ ಹುಳ ಸ್ವಲ್ಪ ಬೇರೆ. ಒಂದೇ ವಿಮಾನ, ಒಂದೇ ಸಾಲು, ಇಬ್ಬರಿಗೂ ಮಂಡಿ ಮಡಚೋಕೆ ಜಾಗ ಇಲ್ಲ, ಇಬ್ಬರೂ ನೀರಿಗೆ ಕಾಸು ಕೊಡಬೇಕು. ಹಾಗಿದ್ದೂ ಪಕ್ಕದ ಸೀಟಿನವನು ಕೊಟ್ಟ ದರಕ್ಕೂ ನಾನು ಕೊಟ್ಟ ದರಕ್ಕೂ ಅಜಗಜಾಂತರ ಯಾಕೆ? ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನವಳು ಸಂಜೆ ಆಗುತ್ತಿದ್ದ ಹಾಗೆ ಬೆಲೆ ಇಳಿಸುತ್ತಾಳೆ, ನಾಳೆಗೆ ಹೂವು ಬಾಡುತ್ತದಲ್ಲ. ವಿಮಾನದ ಸೀಟೂ ಬಾಡುವ ಸರಕೇ. ಬಾಗಿಲು ಹಾಕಿದ ಮೇಲೆ ಖಾಲಿ ಸೀಟಿಗೆ ಬೆಲೆ ಇಲ್ಲ. ಆದರೆ ಇಲ್ಲಿ ಕೊನೇ ಘಳಿಗೆಯಲ್ಲಿ ಬೆಲೆ ಏರುತ್ತದೆ. ಈ ತಿರುಗುಮುರುಗು ಲೆಕ್ಕ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಸಿಕ್ಕ ಕತೆ ನಿಮಗೂ ಹೇಳ್ತೀನಿ, ಸ್ವಲ್ಪ ಉದ್ದ ಇದೆ.

ಶುರು ಮಾಡಬೇಕಾದ್ದು ಅಮೆರಿಕದ ಟೆಕ್ಸಾಸ್‌ನಿಂದ. ಆ ಕಾಲದಲ್ಲಿ ಅಲ್ಲಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹಾರುವ ವಿಮಾನಗಳ ದರವನ್ನು ಕೇಂದ್ರ ಸರ್ಕಾರದ ಮಂಡಳಿಯೇ ನಿಗದಿ ಮಾಡುತ್ತಿತ್ತು. ರಾಜ್ಯದ ಒಳಗೇ ಹಾರಿದರೆ ಮಂಡಳಿಯ ಕೈ ತಲುಪುತ್ತಿರಲಿಲ್ಲ. ಟೆಕ್ಸಾಸೋ, ಒಂದು ದೇಶದಷ್ಟು ದೊಡ್ಡದು. ರೋಲಿನ್ ಕಿಂಗ್ ಮತ್ತು ವಕೀಲ ಹರ್ಬ್ ಕೆಲ್ಲೆಹರ್ ಇದನ್ನೇ ಹಿಡಿದು ಸೌತ್‌ವೆಸ್ಟ್ ಕಂಪನಿ ಕಟ್ಟಿದರು. ದೊಡ್ಡ ಕಂಪನಿಗಳು ವರ್ಷಗಟ್ಟಲೆ ಕೋರ್ಟಿಗೆ ಎಳೆದಾಡಿದವು. ಕೊನೆಗೂ 1971ರ ಜೂನ್ 18ರಂದು ಡಲ್ಲಾಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ ನಡುವೆ ಹಾರಾಟ ಶುರುವಾಯಿತು.

ದುಡ್ಡು ಸಾಲದೆ 1972ರಲ್ಲಿ ಇದ್ದ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ಆದರೆ ವೇಳಾಪಟ್ಟಿ ಬಿಡೋಕೆ ಮನಸ್ಸಿಲ್ಲ. ಮೂರರಲ್ಲೇ ನಾಲ್ಕರ ಕೆಲಸ ತೆಗೆಯಬೇಕು ಅಂದರೆ ವಿಮಾನ ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲಬಾರದು. ಬಂದು ಇಳಿಸಿ, ಹತ್ತಿಸಿಕೊಂಡು ಹತ್ತೇ ನಿಮಿಷಕ್ಕೆ ಹೊರಡಬೇಕು. ನಮ್ಮ ಕೆಂಪು ಬಸ್ಸಿನ ಕಂಡಕ್ಟರಿಗೆ ಇದರಲ್ಲಿ ಹೊಸದೇನೂ ಕಾಣಿಸುತ್ತಿರಲಿಲ್ಲ :-) ಸೀಟ್ ನಂಬರ್ ಇಲ್ಲ, ಮೊದಲು ಬಂದವರಿಗೆ ಮೊದಲು. ಊಟ ಇಲ್ಲ, ಕಡಲೇಕಾಯಿ ಬೀಜ. ಇವತ್ತು ನಾವು ಜಿಪುಣತನ ಅಂತ ಬೈಯುವ ಎಷ್ಟೋ ಪದ್ಧತಿಗಳ ಹಿಂದೆ ಇರೋದು ಈ ನಿಲ್ಲದೆ ಓಡುವ ಲೆಕ್ಕವೇ.

ಈಗ ದರದ ವಿಷಯ, ಇದು ನನಗೆ ಬಹಳ ಹಿಡಿಸಿತು. ಮೊದಲು ಎಲ್ಲರಿಗೂ 20 ಡಾಲರ್. 1971ರ ಕೊನೆಯಲ್ಲಿ ಒಂದು ಪ್ರಸಂಗ ನಡೆಯಿತು. ವಾರಾಂತ್ಯದ ರಿಪೇರಿ ಕೆಲಸಕ್ಕೆ ಅಂತ ಶುಕ್ರವಾರ ರಾತ್ರಿ ಒಂದು ವಿಮಾನ ಹ್ಯೂಸ್ಟನ್‌ನಿಂದ ಡಲ್ಲಾಸ್‌ಗೆ ಖಾಲಿ ಹೋಗುತ್ತಿತ್ತು. ಹೇಗೂ ಹೋಗಬೇಕಲ್ಲ ಅಂತ ಅದಕ್ಕೆ 10 ಡಾಲರ್ ಇಟ್ಟರು. ವಿಮಾನ ತುಂಬಿಹೋಯಿತು! ಅಲ್ಲಿಂದ ಎರಡು ದರ ಬಂದವು. ಕೆಲಸದ ದಿನ ಹಗಲಲ್ಲಿ ಒಂದು, ಸಂಜೆ ಮತ್ತು ವಾರಾಂತ್ಯಕ್ಕೆ ಅದರರ್ಧ. 1973ರಲ್ಲಿ ಇವರು 26 ಡಾಲರ್ ತೆಗೆದುಕೊಳ್ಳುತ್ತಿದ್ದ ಮಾರ್ಗದಲ್ಲಿ ಬ್ರ್ಯಾನಿಫ್ ಕಂಪನಿ ಇವರನ್ನು ಮುಗಿಸಲೆಂದೇ 13 ಡಾಲರ್‌ಗೆ ಇಳಿಯಿತು. ಸೌತ್‌ವೆಸ್ಟ್‌ನವರು ಏನು ಮಾಡಿದರು ಗೊತ್ತೇ? ಬೇಕಾದರೆ 13 ಕೊಡಿ, ಇಲ್ಲವೇ 26 ಕೊಟ್ಟು ಒಂದು ಬಾಟಲಿ ಮದ್ಯ ತಗೊಂಡು ಹೋಗಿ ಅಂದರು. ಟಿಕೆಟ್ ದುಡ್ಡು ಆಫೀಸಿನದು, ಬಾಟಲಿ ಮನೆಗೆ. ಯಾರು ತಾನೇ 13 ಕೊಡ್ತಾರೆ? ಕಂಪನಿ ಮೊದಲ ಸಲ ಲಾಭ ನೋಡಿದ್ದು ಆ ವರ್ಷವೇ.

ಇಲ್ಲಿ ಒಂದು ವಿಷಯ ಗಮನಿಸಿ. ದರ ಬದಲಾಗುತ್ತಿದ್ದುದು ನೀವು ಯಾವ ಹೊತ್ತಿಗೆ ಹಾರುತ್ತೀರಿ ಅನ್ನುವುದರ ಮೇಲೆ. ಟಿಕೆಟ್ ಯಾವತ್ತು ಕೊಂಡಿರಿ ಅಂತ ಯಾರೂ ಕೇಳುತ್ತಿರಲಿಲ್ಲ. ಫ್ರೆಡ್ಡಿ ಲೇಕರ್ ಅನ್ನುವ ಇಂಗ್ಲೆಂಡಿನ ಪುಣ್ಯಾತ್ಮ 1977ರ ಸೆಪ್ಟೆಂಬರ್ 26ರಂದು ಲಂಡನ್ನಿನಿಂದ ನ್ಯೂಯಾರ್ಕಿಗೆ ಸ್ಕೈಟ್ರೇನ್ ಶುರು ಮಾಡಿದಾಗಲೂ ಅಷ್ಟೇ. 59 ಪೌಂಡ್, ಮುಂಗಡ ಬುಕಿಂಗ್ ಇಲ್ಲ, ಅವತ್ತೇ ಬಂದು ಕ್ಯೂ ನಿಲ್ಲಿ. ನಾಳೆ ಬೆಳಿಗ್ಗೆ ತಂಗಿಯ ಮದುವೆ ಇರುವವನಿಗೂ ಸುಮ್ಮನೆ ಊರು ನೋಡಲು ಹೊರಟವನಿಗೂ ಒಂದೇ ದರ. 1982ರ ಫೆಬ್ರವರಿಯಲ್ಲಿ ಲೇಕರ್ ಕಂಪನಿ ಸಾಲದಲ್ಲಿ ಮುಳುಗಿತು, ಅದು ಬೇರೆ ಕತೆ.

ಹಾಗಾದರೆ 'ಬೇಗ ಕೊಂಡರೆ ಅಗ್ಗ, ತಡವಾದರೆ ದುಬಾರಿ' ಅನ್ನುವುದು ಎಲ್ಲಿಂದ ಬಂತು? ನನಗೆ ಆಶ್ಚರ್ಯವಾಗಿದ್ದು ಇಲ್ಲೇ. ಅದನ್ನು ಮಸೆದವರು ದೊಡ್ಡ ಕಂಪನಿಯವರು, ಅದೂ ಅಗ್ಗದ ವಿಮಾನಗಳನ್ನು ಹೊಡೆಯೋದಕ್ಕೆ.

1978ರಲ್ಲಿ ಅಮೆರಿಕ ದರ ನಿಯಂತ್ರಣವನ್ನು ಕಿತ್ತು ಹಾಕುವ ಕಾನೂನು ತಂದಿತು. 1981ರಲ್ಲಿ ಪೀಪಲ್ ಎಕ್ಸ್‌ಪ್ರೆಸ್ ಅನ್ನುವ ಕಂಪನಿ ನ್ಯೂವಾರ್ಕ್‌ನಿಂದ ಹಾರತೊಡಗಿತು. ಟಿಕೆಟ್ ದುಡ್ಡು ವಿಮಾನದ ಒಳಗೇ ವಸೂಲಿ, ಥೇಟ್ ಬಸ್ಸಿನ ಹಾಗೆ. ಪೆಟ್ಟಿಗೆಗೆ 3 ಡಾಲರ್ ಬೇರೆ, ಕಾಫಿಗೂ ಕಾಸು. (ಲಗೇಜಿಗೆ ದುಡ್ಡು ಕೇಳೋದು ಇತ್ತೀಚಿನ ಚಾಳಿ ಅಂದುಕೊಂಡಿದ್ದಿರಾ?) ದರ ಮಾತ್ರ ಎಲ್ಲರಿಗೂ ತೀರಾ ಕಡಿಮೆ, ಜನ ಮುಗಿಬಿದ್ದರು. ಅಮೆರಿಕನ್ ಏರ್‌ಲೈನ್ಸ್‌ನ ರಾಬರ್ಟ್ ಕ್ರಾಂಡಲ್ 1985ರ ಜನವರಿಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅವರ ಹತ್ತಿರ ಸೇಬರ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಇತ್ತು. ಯಾವ ವಿಮಾನದಲ್ಲಿ ಎಷ್ಟು ಸೀಟು ಖಾಲಿ ಉಳಿಯಬಹುದು ಅಂತ ಅದು ಮೊದಲೇ ಅಂದಾಜು ಕಟ್ಟುತ್ತಿತ್ತು. ಉಳಿಯುವಷ್ಟು ಸೀಟನ್ನು ಮಾತ್ರ ಪೀಪಲ್ ಎಕ್ಸ್‌ಪ್ರೆಸ್‌ನ ದರಕ್ಕೆ, ಮುಂಚಿತವಾಗಿ ಕೊಳ್ಳುವವರಿಗೆ ಮಾರುವುದು. ಮಿಕ್ಕಿದ್ದನ್ನು ನಾಳೆಯೇ ಹೋಗಲೇಬೇಕಾದವನಿಗೆ ಅಂತ ಎತ್ತಿಟ್ಟು ಪೂರ್ತಿ ಬೆಲೆಗೆ ಮಾರುವುದು. ಅಂಥ ಕಂಪ್ಯೂಟರ್ ಇಲ್ಲದ ಪೀಪಲ್ ಎಕ್ಸ್‌ಪ್ರೆಸ್ ತತ್ತರಿಸಿತು, 1987ರಲ್ಲಿ ಕಾಂಟಿನೆಂಟಲ್ ಕಂಪನಿಯಲ್ಲಿ ಕರಗಿಹೋಯಿತು.

ಮುಂದೆ ಬಂದ ಅಗ್ಗದ ಕಂಪನಿಗಳು, ಅಂದರೆ ಐರ್ಲೆಂಡಿನ ರಯನ್‌ಏರ್, 1995ರಲ್ಲಿ ಲಂಡನ್ ಬಳಿಯ ಲೂಟನ್‌ನಲ್ಲಿ ಹುಟ್ಟಿದ ಈಸಿಜೆಟ್, ಇವೆರಡನ್ನೂ ಬೆರೆಸಿಕೊಂಡವು. ಓಟ ಸೌತ್‌ವೆಸ್ಟ್‌ನದು, ದರದ ಲೆಕ್ಕ ಅಮೆರಿಕನ್‌ನದು. ಆ ಮಿಶ್ರಣವೇ ನಮ್ಮೂರಿಗೂ ಬಂತು.

ನಮ್ಮಲ್ಲಿ 1953ರಿಂದ 1994ರವರೆಗೆ ಕಾನೂನೇ ವಿಮಾನಯಾನವನ್ನು ಸರ್ಕಾರದ ಕೈಗೆ ಕೊಟ್ಟಿತ್ತು. ತೊಂಬತ್ತರ ದಶಕದಲ್ಲಿ ಎದ್ದ ಖಾಸಗಿ ಕಂಪನಿಗಳಲ್ಲಿ ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಎಲ್ಲ ಆ ದಶಕ ಮುಗಿಯುವ ಮೊದಲೇ ಮಲಗಿದವು. ಹುಬ್ಬಳ್ಳಿಯವರು ಬೆಂಗಳೂರಿಗೆ ಬರಬೇಕಾದರೆ ರಾತ್ರಿ ರೈಲು ಅಥವಾ ರಾತ್ರಿ ಬಸ್ಸು. ವಿಮಾನ ಅಂದರೆ ಮಂತ್ರಿಗಳು, ಸಿನಿಮಾದವರು.

ಗೊರೂರು ಅಂದ ಕೂಡಲೇ ನಮಗೆ 'ಅಮೆರಿಕಾದಲ್ಲಿ ಗೊರೂರು' ಬರೆದ ರಾಮಸ್ವಾಮಿ ಅಯ್ಯಂಗಾರರು ನೆನಪಾಗುತ್ತಾರೆ. ಕ್ಯಾಪ್ಟನ್ ಗೋಪಿನಾಥ್ ಕೂಡ ಅದೇ ಊರಿನವರು, ಮೇಷ್ಟ್ರ ಮಗ. ಸೈನ್ಯದಲ್ಲಿದ್ದು 1971ರ ಯುದ್ಧ ನೋಡಿ, ಬಿಟ್ಟು ಬಂದವರು. ಹೇಮಾವತಿ ಅಣೆಕಟ್ಟಿನಲ್ಲಿ ಮನೆತನದ ಜಮೀನು ಮುಳುಗಿತ್ತು. ಬದಲಿಗೆ ಸಿಕ್ಕ ಜಾವಗಲ್ ಕಡೆಯ ಬೀಳು ನೆಲದಲ್ಲಿ ರೇಷ್ಮೆ ಬೆಳೆದು, 1996ರಲ್ಲಿ ಅದಕ್ಕಾಗಿ ರೋಲೆಕ್ಸ್ ಪ್ರಶಸ್ತಿ ಪಡೆದರು. ಆಮೇಲೆ ಜಕ್ಕೂರಿನಿಂದ ಹೆಲಿಕಾಪ್ಟರ್ ಕಂಪನಿ. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್. ಇಟ್ಟುಕೊಂಡಿದ್ದು 48 ಸೀಟಿನ ಎಟಿಆರ್ ವಿಮಾನ, ಮೊದಮೊದಲು ಹಾರಿದ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು. ಗುರುತಿಗೆ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯ. ಮೈಸೂರಿನವರು ಬರೆದ ಆ ಚೌಕಳಿ ಕೋಟಿನ ಮುದುಕನನ್ನು ವಿಮಾನ ಹತ್ತಿಸುತ್ತೇವೆ ಅನ್ನುವ ಮಾತು ನನಗಂತೂ ಬರೀ ಜಾಹೀರಾತು ಅನ್ನಿಸಿರಲಿಲ್ಲ.

ಟಿಕೆಟ್ಟು ಇಂಟರ್‌ನೆಟ್ಟಿನಲ್ಲಿ, ಇಲ್ಲದವರಿಗೆ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತಿತ್ತು. ಮನೆಯ ಪ್ರಿಂಟರಿನಲ್ಲಿ ತೆಗೆದ ಎ4 ಹಾಳೆಯೇ ಟಿಕೆಟ್ಟು ಅಂದರೆ ನಮ್ಮ ಅಮ್ಮ ನಂಬಲೇ ಇಲ್ಲ, ಸ್ಟಾಂಪ್ ಎಲ್ಲಿ ಅಂತ ಕೇಳಿದ್ದರು. ಸೀಟ್ ನಂಬರ್ ಇಲ್ಲದ್ದರಿಂದ ಬಾಗಿಲು ತೆಗೆದ ಕೂಡಲೇ ಓಟ. ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯೋದೊಂದು ಬಾಕಿ ಇತ್ತು :-) ತಡ ಆಗೋದು, ರದ್ದಾಗೋದು ಆಗಿನ ಪತ್ರಿಕೆಗಳಲ್ಲಿ ಮಾಮೂಲಿ ಸುದ್ದಿ. ಆದರೂ ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟು ಆಸ್ಪತ್ರೆ ಕೆಲಸ ಮುಗಿಸುವುದು ಸಾಧ್ಯ ಅನ್ನುವುದೇ ಒಂದು ಸುದ್ದಿಯಾಗಿತ್ತು.

ಒಂದು ರೂಪಾಯಿ ಟಿಕೆಟ್ ಬಂದಾಗ 'ಮೋಸ' ಅಂದವರೂ 'ಧರ್ಮಾತ್ಮ' ಅಂದವರೂ ಇದ್ದರು. ಎರಡೂ ಸರಿಯಲ್ಲ ಅಂತ ನನ್ನ ಎಣಿಕೆ. ಕೆಲವೇ ಸೀಟು ಆ ಬೆಲೆಗೆ, ತೆರಿಗೆ ಬೇರೆ. ಅದು ಸೇಬರ್ ಕಂಪ್ಯೂಟರಿನ ಮೊಮ್ಮಗು. ಹೇಗೂ ಖಾಲಿ ಹೋಗುವ ಸೀಟು, ದಿನ ಮೊದಲೇ ಗೊತ್ತಿರುವವನಿಗೆ. ಮತ್ತು ಗಮನಿಸಿ, ದಿನ ಮೊದಲೇ ಗೊತ್ತಿರುವವನು ಬಡವನೇ ಆಗಿರಬೇಕಿಲ್ಲ. ಮೂರು ತಿಂಗಳ ನಂತರ ಯಾವ ಶುಕ್ರವಾರ ರಜೆ ಅಂತ ಹೇಳಬಲ್ಲವನು ಸಂಬಳದವನು. ಕೂಲಿಯವನಿಗೆ, ರೈತನಿಗೆ ಪ್ರಯಾಣ ಬರೋದು ಫೋನಿನಲ್ಲಿ, ನಡುರಾತ್ರಿ.

ನನಗೂ ಹಾಗೇ ಬಂದಿತ್ತು. 2009ರಲ್ಲಿ ದೆಹಲಿಯಲ್ಲಿದ್ದೆ. ದೊಡ್ಡಪ್ಪ ಹೋಗಿಬಿಟ್ಟರು ಅಂತ ಅಣ್ಣನ ಫೋನು, 'ನೀನು ಬರೋತನಕ ಎತ್ತಲ್ಲ ಕಣೋ, ಬೆಳಿಗ್ಗೆ ಮೊದಲ ವಿಮಾನ ನೋಡು' ಅಂದ. ನೋಡಿದೆ. ಪರದೆಯ ಮೇಲೆ ಇದ್ದ ಮೊತ್ತವನ್ನು ಎರಡನೇ ಸಲ ಓದದೆ ಕಾರ್ಡಿನ ನಂಬರ್ ಒತ್ತಿದೆ. ಪಕ್ಕದಲ್ಲಿ ಕೂತಿದ್ದ ಹುಡುಗ ಬೆಂಗಳೂರು ನೋಡೋಕೆ ಹೊರಟಿದ್ದ, ಎರಡು ತಿಂಗಳ ಹಿಂದೆ ಕೊಂಡ ಟಿಕೆಟ್ಟಿನ ದರ ಖುಷಿಯಿಂದ ಹೇಳಿದ. ನನ್ನದರ ಐದನೇ ಒಂದು ಭಾಗ. ಅವನ ಮೇಲೆ ಸಿಟ್ಟು ಬರಲಿಲ್ಲ, ಎಷ್ಟೋ ಸಲ ನಾನೇ ಆ ಹುಡುಗನಾಗಿದ್ದೆನಲ್ಲ. ಅವತ್ತು ಅವನ ಟಿಕೆಟ್ಟಿನ ಬಾಕಿ ದುಡ್ಡು ಯಾರು ಕಟ್ಟಿದರು ಅನ್ನುವುದು ಮಾತ್ರ ಸ್ಪಷ್ಟವಾಗಿ ಗೊತ್ತಾಯಿತು.

ಈ ಲೆಕ್ಕ ತಿಳಿದ ಮೇಲೆ ನಾನು ಪಾಲಿಸುವ ಕೆಲವು ಪದ್ಧತಿಗಳಿವೆ. ಗೌರಿ ಹಬ್ಬ, ಮದುವೆ, ಬೇಸಿಗೆ ರಜೆ ಇಂಥ ಗೊತ್ತಿರುವ ದಿನಗಳಿಗೆ ತಡ ಮಾಡುವುದಿಲ್ಲ. ಅಗ್ಗದ ಸೀಟುಗಳು ಗೋಣಿಚೀಲದಲ್ಲಿ ಅಳೆದಿಟ್ಟ ಹಾಗೆ, ಚೀಲ ಮುಗಿದರೆ ಮುಂದಿನ ದರ. ನಾಲ್ಕು ಜನಕ್ಕೆ ಒಟ್ಟಿಗೆ ಹುಡುಕಿದಾಗ ಚೀಲದಲ್ಲಿ ಮೂರೇ ಇದ್ದರೆ ಹೆಚ್ಚಿನ ಕಡೆ ನಾಲ್ಕಕ್ಕೂ ಮೇಲಿನ ದರ ತೋರಿಸುತ್ತದೆ. ಹಾಗಾಗಿ ಒಬ್ಬರಿಗೆ, ಇಬ್ಬರಿಗೆ ಅಂತ ಬೇರೆಬೇರೆ ಹುಡುಕಿ ನೋಡಿ. ತಡ ಆಗಬಾರದ ಕೆಲಸ ಇದ್ದರೆ ದಿನದ ಮೊದಲ ವಿಮಾನ. ಒಂದೇ ವಿಮಾನ ಬೆಳಗಿಂದ ರಾತ್ರಿವರೆಗೆ ಊರೂರು ಸುತ್ತುವುದರಿಂದ ಬೆಳಗಿನ ಅರ್ಧ ಗಂಟೆ ತಡ ಸಂಜೆಗೆ ಬೆಳೆದು ನಿಂತಿರುತ್ತದೆ. ಎರಡು ಅಗ್ಗದ ಟಿಕೆಟ್ಟು ಬೇರೆಬೇರೆ ಕೊಂಡು ಜೋಡಿಸುವಾಗ ಮಧ್ಯೆ ಧಾರಾಳ ಸಮಯ ಬಿಡಿ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಸಾಮಾನ್ಯವಾಗಿ ಯಾರೂ ಹೊಣೆ ಹೊರುವುದಿಲ್ಲ.

ಇನ್ನೊಂದು, ಬಹಳ ಜನ ಬಿಟ್ಟುಬಿಡುವಂಥದ್ದು. ಹೋಗಲಾಗದ ಅಗ್ಗದ ಟಿಕೆಟ್ಟನ್ನು 'ಹೇಗೂ ವಾಪಸ್ ಬರಲ್ಲ' ಅಂತ ಸುಮ್ಮನಿರುತ್ತಾರೆ. ಪ್ರಯಾಣದ ಮುಂಚೆಯೇ ರದ್ದು ಮಾಡಿಸಿ. 2016ರಲ್ಲಿ ನಮ್ಮ ವಿಮಾನಯಾನ ನಿರ್ದೇಶನಾಲಯ ಮಾಡಿದ ನಿಯಮದ ಪ್ರಕಾರ, ಮೂಲ ದರ ವಾಪಸ್ ಇಲ್ಲದ ಟಿಕೆಟ್ಟಿನಲ್ಲೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ಹಿಂತಿರುಗಿಸಬೇಕು. ಅಗ್ಗದ ಟಿಕೆಟ್ಟಿನಲ್ಲಿ ಆ ಪಾಲೇ ಗಣನೀಯ.

ಏರ್ ಡೆಕ್ಕನ್ ಏನಾಯಿತು ಅಂತ ಗೊತ್ತೇ ಇದೆ. ಆದಾಯ ಖರ್ಚಿಗೆ ಸಾಲದೆ 2007ರಲ್ಲಿ ವಿಜಯ್ ಮಲ್ಯ ಅವರ ಗುಂಪು 26% ಪಾಲನ್ನು 550 ಕೋಟಿ ರೂಪಾಯಿಗೆ ಕೊಂಡಿತು. 2008ರಲ್ಲಿ ಹೆಸರು ಕಿಂಗ್‌ಫಿಷರ್ ರೆಡ್ ಆಯಿತು, ಶ್ರೀಸಾಮಾನ್ಯ ವಿಮಾನದಿಂದ ಇಳಿದ. 2011ರಲ್ಲಿ ಅಗ್ಗದ ಸೇವೆ ಬೇಡ ಅಂದರು, 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರೇ ನೆಲ ಹಿಡಿಯಿತು, ಸಂಬಳ ಬಾಕಿ ಉಳಿದ ನೌಕರರು ಬೀದಿಗೆ ಬಂದರು. ಆ ಹೊತ್ತಿಗೆ ಮೆಟ್ರೋ ಊರುಗಳಲ್ಲಿ ಬೇರೆ ಅಗ್ಗದ ಕಂಪನಿಗಳು ಬೇರೂರಿದ್ದವು. ಪೆಟ್ಟು ಬಿದ್ದದ್ದು ಸಣ್ಣ ಊರುಗಳಿಗೆ.

ಕೇಂದ್ರದ ಉಡಾನ್ ಯೋಜನೆ 2017ರಲ್ಲಿ ಹಾರಾಟ ಶುರು ಮಾಡಿದಾಗ ನನ್ನ ಕಣ್ಣಿಗೆ ಬಿದ್ದದ್ದು ಅದರ ದರದ ಸೂತ್ರ. ಸುಮಾರು ಅರ್ಧದಷ್ಟು ಸೀಟುಗಳಿಗೆ, ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಮಿತಿ, ನಷ್ಟವನ್ನು ಸರ್ಕಾರ ತುಂಬಿಕೊಡುವುದು. ಇವತ್ತು ಕೊಂಡರೂ ನಾಳೆ ಕೊಂಡರೂ ಆ ಸೀಟಿಗೆ ಆ ಮಿತಿಯೇ. ಲೇಕರ್ ಇದ್ದಿದ್ದರೆ ನಗುತ್ತಿದ್ದರೇನೋ. ಗೋಪಿನಾಥರ ಏರ್ ಡೆಕ್ಕನ್ ಕೂಡ ಆ ವರ್ಷದ ಡಿಸೆಂಬರ್‌ನಲ್ಲಿ ಸಣ್ಣದಾಗಿ ಮರಳಿ, 2020ರ ಏಪ್ರಿಲ್‌ನಲ್ಲಿ ಕೊರೋನಾ ಕಾಲದಲ್ಲಿ ನಿಂತಿತು. ಕಲಬುರಗಿಗೆ 2019ರಲ್ಲಿ, ಬೀದರಿಗೆ 2020ರಲ್ಲಿ ವಿಮಾನ ಬಂತು.

ಕೊನೇ ಘಳಿಗೆಯ ದರಕ್ಕೆ ಸರ್ಕಾರ ನೇರವಾಗಿ ಕೈ ಹಾಕಿದ್ದೂ ಉಂಟು. 2020ರ ಮೇ ತಿಂಗಳಿಂದ 2022ರ ಆಗಸ್ಟ್‌ವರೆಗೆ ಕನಿಷ್ಠ-ಗರಿಷ್ಠ ದರ ಕಟ್ಟಿತ್ತು. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿ ನಿಯಮಕ್ಕೆ ಹೊಂದಿಸಿಕೊಳ್ಳಲಾಗದೆ ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಿ, ಉಳಿದ ಸೀಟುಗಳ ದರ ಆಕಾಶಕ್ಕೇರಿದಾಗ ಮತ್ತೆ ತಾತ್ಕಾಲಿಕ ಮಿತಿ ಬಂತು. 500 ಕಿ.ಮೀ. ಒಳಗೆ 7,500 ರೂಪಾಯಿ, 1,500 ಕಿ.ಮೀ. ದಾಟಿದರೆ 18,000. ದೆಹಲಿ-ಬೆಂಗಳೂರು ಈ ಕೊನೆಯ ಸಾಲಿಗೆ ಸೇರುತ್ತದೆ. ಅತ್ತ ಸೌತ್‌ವೆಸ್ಟ್ ಕೂಡ 2025ರ ಮೇ ತಿಂಗಳಲ್ಲಿ ಹೆಚ್ಚಿನ ಪ್ರಯಾಣಿಕರ ಪೆಟ್ಟಿಗೆಗೆ ದುಡ್ಡು ಕೇಳಲು ಶುರು ಮಾಡಿತು.

ಅಂದಹಾಗೆ, 2003-07ರ ನಡುವಿನ ಏರ್ ಡೆಕ್ಕನ್ ಟಿಕೆಟ್ಟಿನ ಪ್ರಿಂಟ್ ಯಾರ ಬಳಿಯಾದರೂ ಉಳಿದಿದ್ದರೆ ದಯವಿಟ್ಟು ತಿಳಿಸಿ. ಮೂಲ ದರ ಎಷ್ಟು, ತೆರಿಗೆ ಎಷ್ಟು, ಎಷ್ಟು ದಿನ ಮುಂಚೆ ಕೊಂಡಿದ್ದಿರಿ ಅಂತ. ನಮ್ಮಮ್ಮ ತಮ್ಮದನ್ನು ಅಡಿಗೆಮನೆಯ ಡಬ್ಬಿಗಳ ಕೆಳಗೆ ಹಾಸಿಬಿಟ್ಟಿದ್ದರು, ಅಕ್ಷರ ಅಳಿಸಿಹೋಗಿದೆ.