ಹತ್ತಿಯ ಬೆಲೆ, ಮನೆಯ ಬಾಡಿಗೆ

ಪೇಟೆಯಲ್ಲಿ ಪೈಪೋಟಿ ಹೆಚ್ಚಿದರೆ ಕೂಲಿ ಏರುವುದೆಂದೂ, ಕೂಲಿ ಏರಿದರೆ ಬಡವನ ಬಾಳು ಹಸನಾಗುವುದೆಂದೂ ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಈ ನಂಬಿಕೆಯಲ್ಲಿ ಸತ್ಯವು ಅರ್ಧ ಮಾತ್ರವೆಂಬುದಕ್ಕೆ 1861ರಿಂದ 1865ರ ವರೆಗಿನ ಮುಂಬಯಿ ನಗರದ ಚರಿತ್ರೆಯೇ ಸಾಕ್ಷಿ.

ಆ ಕಾಲದಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಗಿರಣಿಗಳು ಬಹುಮಟ್ಟಿಗೆ ಅಮೆರಿಕದ ಹತ್ತಿಯನ್ನೇ ನಂಬಿದ್ದುವು. 1861ರಲ್ಲಿ ಅಮೆರಿಕದ ಅಂತರ್ಯುದ್ಧವು ಮೊದಲಾಗಲು, ಉತ್ತರದವರ ನೌಕಾಬಲವು ದಕ್ಷಿಣದ ರೇವುಗಳಿಗೆ ದಿಗ್ಬಂಧನ ಹಾಕಿತು. ಹತ್ತಿ ಬರುವುದು ನಿಂತು, 1862ರ ಚಳಿಗಾಲದ ವೇಳೆಗೆ ಲ್ಯಾಂಕಷೈರಿನ ಲಕ್ಷಾಂತರ ಜನರು ಕೆಲಸವಿಲ್ಲದೆ ಧರ್ಮದ ಅನ್ನಕ್ಕೆ ಕೈಯೊಡ್ಡಬೇಕಾಯಿತು. ಆಗ ಅಲ್ಲಿಯ ವರ್ತಕರು ಇಂಡಿಯದ ಹತ್ತಿಗಾಗಿ ಮೇಲಾಟಕ್ಕೆ ನಿಂತರು. ಕನ್ನಡನಾಡಿನ ಧಾರವಾಡ ಸೀಮೆಯಲ್ಲಿ ಬೆಳೆದ ಹತ್ತಿಯೂ ಘಟ್ಟವನ್ನಿಳಿದು, ಕುಮಟೆಯ ರೇವಿನಿಂದ ಮುಂಬಯಿಯನ್ನು ಸೇರುತ್ತಿದ್ದಿತು.

ಹತ್ತಿಯ ಬೆಲೆ ಹಲವು ಮಡಿ ಏರಿತು. ಮುಂಬಯಿಯಲ್ಲಿ ಹೊನ್ನಿನ ಮಳೆಯೇ ಸುರಿಯಿತು. ಮೂಟೆ ಹೊರುವವರಿಗೂ ಗಾರೆಯವರಿಗೂ ಬಡಗಿಗಳಿಗೂ ಕೆಲಸ ದೊರೆತು, ಕೂಲಿಯೂ ಹೆಚ್ಚಿತು. ಆದರೆ ಹತ್ತಿಯನ್ನು ಮುಂದಿನ ವರ್ಷ ಹೆಚ್ಚಾಗಿ ಬಿತ್ತಬಹುದು. ಕಡಲು ಸುತ್ತಿದ ಇಕ್ಕಟ್ಟಾದ ದ್ವೀಪದಲ್ಲಿ ನೆಲವನ್ನು ಬಿತ್ತುವ ಬಗೆ ಹೇಗೆ? 1864ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 8,16,562 ಎಂದು ಎಣಿಕೆಯಾಯಿತು. ಆಳಿಗಾಗಿ ಧಣಿಗಳು ಪೈಪೋಟಿ ನಡೆಸಿದಂತೆಯೇ, ಒಂದೊಂದು ಕೋಣೆಗಾಗಿ ಆಳುಗಳು ತಮ್ಮೊಳಗೆ ಪೈಪೋಟಿ ನಡೆಸಬೇಕಾಯಿತು. ಧಾನ್ಯದ ಬೆಲೆಯೂ ಮನೆಬಾಡಿಗೆಯೂ ಏರಿದುವು. ಬಲಗೈಗೆ ಬಂದ ಕೂಲಿಯ ಏರಿಕೆಯನ್ನು ಎಡಗೈಯಿಂದ ಅಂಗಡಿಯವನಿಗೂ ಮನೆಯೊಡೆಯನಿಗೂ ಒಪ್ಪಿಸುವಂತಾಯಿತು. ಕಡಲನ್ನು ತುಂಬಿ ನೆಲ ಮಾಡುವೆವೆಂದು ಕಂಪೆನಿಗಳು ಹುಟ್ಟಿದುವು. ಬ್ಯಾಕ್ ಬೇ ಕಂಪೆನಿಯ ಷೇರುಗಳು ಮುಖಬೆಲೆಯ ಹಲವು ಮಡಿಗೆ ಮಾರಾಟವಾದುವು. ನೆಲವು ಮೇಲೇಳುವ ಮೊದಲೇ ಅದರ ಬೆಲೆ ಮೇಲೆದ್ದಿತ್ತು.

1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾನಿ ಲೀ ಶರಣಾದನು. ಹತ್ತಿಯ ಬೆಲೆ ಕುಸಿಯಿತು. ವಾಯಿದೆಯ ವ್ಯವಹಾರಗಳು ತೀರಬೇಕಾಗಿದ್ದ ಜುಲೈ 1ರಂದು ಅನೇಕ ವರ್ತಕರ ದಿವಾಳಿತನ ಬಯಲಾಯಿತು. ಕಟ್ಟಡಗಳು ಅರ್ಧಕ್ಕೆ ನಿಂತವು. ಕೂಲಿಕಾರರು ಊರಿನ ದಾರಿ ಹಿಡಿದರು. 1872ರ ಗಣತಿಯಲ್ಲಿ ಕಂಡ ಜನಸಂಖ್ಯೆ 6,44,405.

ಪೈಪೋಟಿಯು ಕೂಲಿಯನ್ನು ಏರಿಸಬಲ್ಲುದು, ಕೆಲಸವನ್ನು ಸೃಷ್ಟಿಸಬಲ್ಲುದು. ಇದನ್ನು ನಾವು ಅಲ್ಲಗಳೆಯಲಾರೆವು. ಆದರೆ ಬೇಡಿಕೆಯು ತಿಂಗಳಲ್ಲಿ ಏರುತ್ತದೆ, ಮನೆ ಏಳಲು ವರ್ಷಗಳು ಬೇಕು. ಈ ನಡುವಣ ಅಂತರದ ಸುಂಕವನ್ನು ತೆರುವವನು ಬಾಡಿಗೆದಾರನು. ಮುಂಬಯಿಯಲ್ಲಿ ನಗರಸುಧಾರಣೆಯ ಟ್ರಸ್ಟು ಸ್ಥಾಪಿತವಾದುದು 1898ರಲ್ಲಿ. ಅದೂ 1896ರಲ್ಲಿ ಪ್ಲೇಗು ಇಕ್ಕಟ್ಟಾದ ಕೇರಿಗಳನ್ನು ಹೊಕ್ಕ ಮೇಲೆ. ಕೆಲಸಕ್ಕೆ ಜನರನ್ನು ಕರೆಯುವ ನಗರವು ಅವರ ವಸತಿಯನ್ನೂ ಮೊದಲೇ ಯೋಚಿಸಬೇಕೆಂಬುದನ್ನು ಈ ಚರಿತ್ರೆಯಿಂದ ನಾವು ತಿಳಿಯಬಹುದಾಗಿದೆ.